ಸರ್ವೋ ಗುಂಯ್ ಅನ್ನುತ್ತಿದ್ದರೆ ವಿಮಾನ ಹಾರಿಸಬೇಡಿ

ಮಳೆಗಾಲ ಮುಗಿಯಿತೆಂದು ಅಟ್ಟದಿಂದ ಆರ್‌ಸಿ (ರೇಡಿಯೋ ರಿಮೋಟಿನಿಂದ ಹಾರಿಸುವ) ವಿಮಾನ ಇಳಿಸುತ್ತಿರುವವರು ಮೊದಲು ಇದನ್ನು ಓದಿ. ಹಾಗೆ ಇಳಿಸಿ ಹಾರಿಸಿ ಬಿದ್ದದ್ದು 1400 ಮಿ.ಮೀ. ರೆಕ್ಕೆಯ ಫೋಮ್ ಟ್ರೈನರ್ (ಕಲಿಯುವವರ ವಿಮಾನ): 3ಎಸ್ (ಮೂರು ಸೆಲ್ಲಿನ) 2200 ಎಂಎಎಚ್ ಬ್ಯಾಟರಿ, ಮೋಟಾರಿನ ವೇಗ ನಿಯಂತ್ರಿಸುವ 30 ಆಂಪ್ ಇಎಸ್‌ಸಿ, ರೆಕ್ಕೆ-ಬಾಲದ ಪಟ್ಟಿಗಳನ್ನು ಆಡಿಸುವ ನಾಲ್ಕು ಸರ್ವೋ (ಪುಟ್ಟ ಮೋಟಾರು). ಹಾರಿದ ನಾಲ್ಕನೇ ನಿಮಿಷ, ತಿರುವಿನಲ್ಲಿ ಮೋಟಾರ್ ತಟ್ಟನೆ ನಿಂತಿತು. ರಿಮೋಟಿನ ಸ್ಟಿಕ್ ಎಳೆದರೂ ಎಲಿವೇಟರ್ (ಮೂಗನ್ನು ಮೇಲೆ-ಕೆಳಗೆ ಮಾಡುವ ಬಾಲದ ಪಟ್ಟಿ) ಮಿಸುಕಲಿಲ್ಲ. ವಾಲಿದ್ದ ರೆಕ್ಕೆ ವಾಲಿದಂತೆಯೇ ಇದ್ದು ವಿಮಾನ ಉತ್ತ ಹೊಲಕ್ಕೆ ಮೂಗು ಕುಟ್ಟಿತು. ಮೂತಿ ಚೂರು, ಮೋಟಾರ್ ಶಾಫ್ಟ್ ಸೊಟ್ಟ. ಓಡಿಹೋಗಿ ನೋಡಿದರೆ ಸಿಗ್ನಲ್ ಹಿಡಿಯುವ ರಿಸೀವರಿನ ದೀಪ ಉರಿಯುತ್ತಿದೆ, ಸರ್ವೋಗಳು ಹೇಳಿದ ಮಾತು ಕೇಳುತ್ತಿವೆ! "ಸಿಗ್ನಲ್ ಹೋಯ್ತು ಕಣೋ" ಎಂದು ಸುತ್ತ ನಿಂತವರ ತೀರ್ಪು.

ಸಿಗ್ನಲ್ ಎಲ್ಲೂ ಹೋಗಿರಲಿಲ್ಲ. ಹಾರಿಸುವ ಮುಂಚೆ ನಡೆಸಿದ ರೇಂಜ್ ಪರೀಕ್ಷೆಯೂ ಸರಿಯಾಗಿತ್ತು. ಹೋದದ್ದು ರಿಸೀವರಿನ 5 ವೋಲ್ಟ್.

ನಾಲ್ಕು ತಿಂಗಳ ತೇವಕ್ಕೆ ಸರ್ವೋದಿಂದ ಎಲಿವೇಟರಿಗೆ ಹೋಗುವ ಪುಶ್‌ರಾಡ್ ತಂತಿ ಪ್ಲಾಸ್ಟಿಕ್ ಕೊಳವೆಯೊಳಗೇ ತುಕ್ಕು ಹಿಡಿದಿತ್ತು. ಹೊರಗೆ ಕಾಣುವ ಎರಡು ತುದಿಯೂ ಫಳಫಳ, ನಡುವೆ ಒಂದು ಗೇಣು ಕೆಂಪು ಧೂಳು. ತಂತಿ ಸಿಕ್ಕಿಕೊಳ್ಳುವುದರಿಂದ ಸರ್ವೋ ತಾನು ಹೋಗಬೇಕಾದ ಜಾಗಕ್ಕೆ ಪೂರ್ತಿ ಹೋಗಲಾರದು, ಆದರೆ ತಳ್ಳುವುದನ್ನೂ ಬಿಡದು. ಆ ಗುಂಯ್ ಸದ್ದು ಅದೇ. ಸುಮ್ಮನೆ ನಿಂತ ಸಣ್ಣ ಸರ್ವೋ ಎಳೆಯುವುದು ಕೆಲವೇ ಮಿಲಿಆಂಪ್, ಹೀಗೆ ಗುದ್ದಾಡುವಾಗ ಅರ್ಧ ಆಂಪ್ ದಾಟುತ್ತದೆ. ಹಳೆಯ ಸರ್ವೋಗಳ ಹಲ್ಲು ಉದುರಿತೆಂದು ಮೆಟಲ್ ಗಿಯರ್ ಡಿಜಿಟಲ್ ಸರ್ವೋ ಹಾಕಿದ್ದರೆ ಇನ್ನೂ ಜಾಸ್ತಿ. ಇಲ್ಲಿ ಹಾಕಿದ್ದೂ ಅವೇ.

ಆ ಕರೆಂಟ್ ಬರುವುದು ಇಎಸ್‌ಸಿ ಒಳಗಿನ ಬಿಇಸಿಯಿಂದ (ಬ್ಯಾಟರಿಯ ವೋಲ್ಟನ್ನು 5ಕ್ಕೆ ಇಳಿಸುವ ಭಾಗ). ಅಗ್ಗದ ಇಎಸ್‌ಸಿಗಳಲ್ಲಿ "5 ವೋಲ್ಟ್ 2 ಆಂಪ್" ಎಂದು ಬರೆದಿರುವುದು ಹೆಚ್ಚಾಗಿ ಲೀನಿಯರ್ ಬಿಇಸಿ. ಅದು ಮಿಕ್ಕ ವೋಲ್ಟನ್ನು ಶಾಖ ಮಾಡಿಯೇ ಕಳೆಯಬೇಕು. ತುಂಬಿದ 3ಎಸ್ 12.6 ವೋಲ್ಟ್, ಬೇಕಾದದ್ದು 5. ಉಳಿದ 7.6 ವೋಲ್ಟಿಗೆ 1 ಆಂಪ್ ಹರಿದರೆ 7.6 ವ್ಯಾಟ್ ಶಾಖ, ಅದೂ ಹೀಟ್‌ಶ್ರಿಂಕ್ ಸುತ್ತಿ ಗಾಳಿಯಾಡದ ಫೋಮ್ ಹೊಟ್ಟೆಯೊಳಗೆ. ಕಾದು ಕಾದು ಬಿಇಸಿ ತನ್ನನ್ನು ಉಳಿಸಿಕೊಳ್ಳಲು ಮುಚ್ಚಿಕೊಳ್ಳುತ್ತದೆ. ರಿಸೀವರ್ ಸಾಯುತ್ತದೆ, ಸರ್ವೋ ಇದ್ದಲ್ಲೇ ನಿಲ್ಲುತ್ತವೆ, ಸಿಗ್ನಲ್ ಕಾಣದ ಇಎಸ್‌ಸಿ ಮೋಟಾರ್ ನಿಲ್ಲಿಸುತ್ತದೆ. ರಿಸೀವರೇ ಇಲ್ಲವಾದ ಮೇಲೆ ಫೇಲ್‌ಸೇಫ್ (ಸಿಗ್ನಲ್ ಹೋದಾಗ ರಿಸೀವರ್ ಮಾಡುವ ರಕ್ಷಣೆ) ಯಾವ ಲೆಕ್ಕ? ನೆಲಕ್ಕೆ ಬಿದ್ದು ತಣ್ಣಗಾದ ಮೇಲೆ ಎಲ್ಲವೂ ಮತ್ತೆ ಜೀವ ಪಡೆಯುವುದರಿಂದ ತಪ್ಪು ರೇಡಿಯೋದ ತಲೆಗೆ ಬರುತ್ತದೆ.

ಪತ್ತೆ ಹಚ್ಚುವುದು ಹೀಗೆ. ಮೊದಲು ಪ್ರೊಪೆಲ್ಲರ್ ಬಿಚ್ಚಿ, ಇದರಲ್ಲಿ ರಾಜಿ ಬೇಡ. ಬ್ಯಾಟರಿಗೂ ಇಎಸ್‌ಸಿಗೂ ನಡುವೆ ವ್ಯಾಟ್ ಮೀಟರ್ ಹಾಕಿ, ಥ್ರಾಟಲ್ ಸೊನ್ನೆಯಲ್ಲಿಡಿ. ಲೀನಿಯರ್ ಬಿಇಸಿಯಲ್ಲಿ ಒಳಹೋಗುವ ಕರೆಂಟೂ ಹೊರಬರುವ ಕರೆಂಟೂ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಮೀಟರ್ ತೋರಿಸುವುದು ಸರ್ವೋಗಳ ಹಸಿವನ್ನೇ. ಸ್ಟಿಕ್ ಮುಟ್ಟದಿದ್ದಾಗ ಸಾಮಾನ್ಯವಾಗಿ 0.2 ಆಂಪ್ ಒಳಗಿರುತ್ತದೆ. ಅರ್ಧ ಆಂಪ್ ಕಂಡರೆ ಎಲ್ಲೋ ಸಿಕ್ಕಿಕೊಂಡಿದೆ. ಸ್ಟಿಕ್ಕನ್ನು ಪೂರ್ತಿ ಮೂಲೆಗೆ ಒತ್ತಿ ಹಿಡಿದೂ ನೋಡಿ, ಕೆಲವೊಮ್ಮೆ ಸರ್ವೋ ತೋಳು ಫೋಮ್ ಗೋಡೆಗೆ ತಾಗಿ ಅಲ್ಲಿ ಮಾತ್ರ ಗುಂಯ್‌ಗುಡುತ್ತದೆ. ಅದಕ್ಕೆ ಟ್ರಾನ್ಸ್‌ಮಿಟರಿನಲ್ಲಿ (ಕೈಯಲ್ಲಿನ ರಿಮೋಟ್) ಎಂಡ್‌ಪಾಯಿಂಟ್, ಅಂದರೆ ಸರ್ವೋ ತಿರುಗುವ ಕೊನೆಯ ಮಿತಿ, ಇಳಿಸಿದರೆ ಸಾಕು.

ಸಿಕ್ಕಿಕೊಂಡಿದ್ದು ಯಾವುದೆಂದು ತಿಳಿಯಲು ಒಂದೊಂದೇ ಕ್ಲೆವಿಸ್ (ತಂತಿಯ ತುದಿಯ ಕೊಂಡಿ) ಕಳಚಿ. ಸದ್ದು ನಿಂತರೆ ತಪ್ಪು ತಂತಿಯದ್ದೋ ಹಿಂಜಿನದ್ದೋ. ನಿಲ್ಲದಿದ್ದರೆ ಸರ್ವೋ ಒಳಗಿನದ್ದು, ಬದಲಿಸಿ. (ಡಿಜಿಟಲ್ ಸರ್ವೋ ತುಸು ಹಾಡುವುದು ಅದರ ಸ್ವಭಾವ, ಅದಕ್ಕೇ ಕಿವಿಗಿಂತ ಮೀಟರ್ ನಂಬಿ.) ಕಳಚಿದ ಎಲಿವೇಟರ್ ಕಿರುಬೆರಳಲ್ಲಿ ತಳ್ಳಿದರೂ ಆಡಬೇಕು, ತಂತಿ ಎರಡು ಬೆರಳಲ್ಲಿ ಸರಾಗ ಜಾರಬೇಕು.

ತುಕ್ಕು ಹಿಡಿದಿದ್ದರೆ ತಂತಿಯನ್ನು ಪೂರ್ತಿ ಹೊರಗೆಳೆದು 400ರ ಎಮರಿ ಕಾಗದದಲ್ಲಿ ಉಜ್ಜಿ, ಒರೆಸಿ, ಪೆನ್ಸಿಲ್ ಸೀಸದ ಪುಡಿ ಸವರಿ ಹಾಕಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಅದು ಬಾಟಲಿಯಲ್ಲಿ ಹೆಪ್ಪುಗಟ್ಟುವಂತೆಯೇ ಕೊಳವೆಯಲ್ಲೂ ಗಟ್ಟಿಯಾಗುತ್ತದೆ.

ಮೆಟಲ್ ಗಿಯರ್ ಸರ್ವೋಗಳೇ ಬೇಕೆಂದರೆ ಹೆಚ್ಚು ಶಾಖ ಮಾಡದೆ ವೋಲ್ಟ್ ಇಳಿಸುವ 5 ವೋಲ್ಟ್ 3 ಆಂಪಿನ ಸ್ವಿಚಿಂಗ್ ಬಿಇಸಿ ಬೇರೆಯಾಗಿ ಹಾಕಿ. ಆಗ ಇಎಸ್‌ಸಿಯಿಂದ ರಿಸೀವರಿಗೆ ಬರುವ ಪ್ಲಗ್‌ನ ನಡುವಿನ ಕೆಂಪು ತಂತಿಯನ್ನು, ಸೂಜಿಯಿಂದ ಪ್ಲಾಸ್ಟಿಕ್ ನಾಲಿಗೆ ಎತ್ತಿ, ಹೊರತೆಗೆದು ಹೀಟ್‌ಶ್ರಿಂಕ್ ಹಾಕಿ ಮಡಚಿಡಿ. ರಿಸೀವರಿಗೆ ಕೆಪಾಸಿಟರ್ ಸಿಕ್ಕಿಸಿ ಎನ್ನುವವರು ಸಿಗುತ್ತಾರೆ. ಕ್ಷಣದ ಕುಸಿತಕ್ಕೆ ಅದು ಸರಿ, ಕಾದು ಮುಚ್ಚಿಕೊಂಡ ಬಿಇಸಿಗೆ ಏನೂ ಮಾಡದು. ಶಾಖ ಹೋಗಲು ವಿಮಾನದ ಹೊಟ್ಟೆಯಲ್ಲಿ ಗಾಳಿ ಹೊರಹೋಗುವ ತೂತು ಒಳಬರುವ ತೂತಿಗಿಂತ ದೊಡ್ಡದಿರಲಿ.

ಬಿದ್ದ ವಿಮಾನದ ಲಿಪೊ ಬ್ಯಾಟರಿಯನ್ನು ಕೂಡಲೇ ಕಾರಿಗೆ ಹಾಕಬೇಡಿ. ಅರ್ಧ ಗಂಟೆ ಬಯಲಲ್ಲಿ, ಒಣಹುಲ್ಲಿಲ್ಲದ ಕಡೆ ಬಿಡಿ. ಮೂಲೆ ತಗ್ಗಾಗಿದ್ದರೆ, ಉಬ್ಬಿದ್ದರೆ ಮತ್ತೆ ಚಾರ್ಜ್ ಮಾಡಬಾರದು. ಬಯಲಲ್ಲೇ 12 ವೋಲ್ಟಿನ ಕಾರು ಬಲ್ಬ್ ಕಟ್ಟಿ ಪೂರ್ತಿ ಬರಿದಾಗಿಸಿ ಇ-ತ್ಯಾಜ್ಯಕ್ಕೆ ಕೊಡಿ.