ಹಳಗನ್ನಡಕ್ಕೂ ಒದಗುವ ಉಚಿತ ಫಾಂಟ್

ಶಿಕಾರಿಪುರದಲ್ಲಿ ಕೂತು ಬಳ್ಳಿಗಾವಿ ಶಾಸನಗಳ ಕಿರುಪುಸ್ತಕ ಡಿಟಿಪಿ ಮಾಡುತ್ತಿದ್ದೇನೆ. ಗೂಗಲ್‌ನವರ ನೋಟೊ ಸೆರಿಫ್ ಕನ್ನಡ ಬಳಸಿದೆ, ತುಂಬಾ ಹಿಡಿಸಿತು. ಹಳಗನ್ನಡದ ಱ, ೞ ಎರಡೂ ಇವೆ. ನನ್ನ ಹಳೇ ಫಾಂಟಿನಲ್ಲಿ ಅಲ್ಲೆಲ್ಲ ಖಾಲಿ ಚೌಕ ಬರುತ್ತಿತ್ತು. ಎಷ್ಟು ಬೇಜಾರಲ್ವಾ, ಶಾಸನದ ಅಕ್ಷರವೇ ಇಲ್ಲ ಅಂದರೆ! ಸಾಲುಗಳ ನಡುವೆ ಮಾತ್ರ ಸ್ವಲ್ಪ ಜಾಸ್ತಿ ಜಾಗ ಬಿಡಿ, ‘ರಾಷ್ಟ್ರಕೂಟ’ದ ಒತ್ತುಗಳು ಕೆಳಗೆ ತಾಗಬಾರದು.

ದೇವನಾಗರಿ ಶ್ಲೋಕಕ್ಕೆ ನೋಟೊದ್ದೇ ಬೇರೆ ಫೈಲ್ ಬೇಕು. ಯೂನಿಕೋಡ್ (ಜಗತ್ತಿನ ಲಿಪಿಗಳಿಗೆ ಕಂಪ್ಯೂಟರಿನಲ್ಲಿರುವ ಸಾಮಾನ್ಯ ಅಕ್ಷರಪಟ್ಟಿ) ಅಕ್ಷರಗಳು ಒಂದೂವರೆ ಲಕ್ಷ ದಾಟಿವೆ, ಒಂದು ಫಾಂಟ್ ಫೈಲಿಗೆ ಹಿಡಿಸುವುದು 65,535 ಆಕಾರಗಳಷ್ಟೇ. ಹಾಗಾಗಿ ಲಿಪಿಗೊಂದು ಫೈಲ್. ಆದರೂ ಪಕ್ಕಪಕ್ಕ ಇಟ್ಟರೆ ಹೊಂದಿಕೊಳ್ಳುತ್ತವೆ.

ಓಪನ್ ಫಾಂಟ್ ಲೈಸೆನ್ಸ್ ಇದೆ. ಪುಸ್ತಕ ಅಚ್ಚು ಹಾಕಿ ಮಾರಲೂ ಅಡ್ಡಿಯಿಲ್ಲ.