ಪಾಯಿಂಟ್ ಲೋಬೋಸೋ, ಮಾಸ್ ಬೀಚೋ?

ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ) ಮಕ್ಕಳ ಮನೆಗೆ ಬಂದ ಅಪ್ಪ-ಅಮ್ಮನಿಗೆ ಕಲ್ಲುಬಂಡೆಯ ಕಡಲು ತೋರಿಸಬೇಕೆ? ಮೊದಲು ಅವರ ಮಂಡಿ ಹೇಗಿದೆ ನೋಡಿ.

ಮಾಸ್ ಬೀಚ್‌ನ ಫಿಟ್ಜ್‌ಜೆರಾಲ್ಡ್ ಮೀಸಲು ಪ್ರದೇಶ 1969ರಿಂದ ಸಂರಕ್ಷಿತ. ಸ್ಯಾನ್ ಫ್ರಾನ್ಸಿಸ್ಕೊಗೆ ಹತ್ತಿರ. ಇಲ್ಲಿ ಗಡಿಯಾರಕ್ಕಿಂತ ಉಬ್ಬರವಿಳಿತದ ಪಟ್ಟಿ ಮುಖ್ಯ. ನೀರು ಚೆನ್ನಾಗಿ ಇಳಿದಾಗಲೇ ಬಂಡೆಗಳ ನಡುವಿನ ಹೊಂಡಗಳು ತೆರೆದುಕೊಳ್ಳುವುದು: ಏಡಿ, ನಕ್ಷತ್ರಮೀನು, ಮುಟ್ಟಿದರೆ ಮುದುಡುವ ಸೀ ಅನಿಮೋನಿ (ಮುಟ್ಟಬೇಡಿ ಅನ್ನಿ!). ಚಳಿಗಾಲದಲ್ಲಿ ದೊಡ್ಡ ಇಳಿತ ಮಧ್ಯಾಹ್ನದ ಮೇಲೆ. ವಸಂತ, ಬೇಸಿಗೆಯಲ್ಲಿ ಬೆಳಗಿನ ಜಾವ. ಉಬ್ಬರದಲ್ಲಿ ಹೋದರೆ ಬರೀ ನೀರು. ಪಾಚಿ ಜಾರುತ್ತದೆ, ಚಪ್ಪಲಿ ಸಾಲದು. ಚಿಪ್ಪು, ಕಲ್ಲು ಒಂದನ್ನೂ ಜೇಬಿಗಿಳಿಸುವಂತಿಲ್ಲ.

ಕಾರ್ಮೆಲ್ ಊರಿನ ದಕ್ಷಿಣದ ಪಾಯಿಂಟ್ ಲೋಬೋಸ್ ದೂರ, ಆದರೆ ಯಾವ ಹೊತ್ತಿಗೆ ಹೋದರೂ ಮೋಸವಿಲ್ಲ. ಗಾಳಿಗೆ ಬಾಗಿದ ಮಾಂಟೆರೆ ಸೈಪ್ರೆಸ್ ಮರಗಳು ಸಹಜವಾಗಿ ಬೆಳೆಯುವ ಎರಡೇ ತೋಪುಗಳಲ್ಲಿ ಒಂದು ಇಲ್ಲಿದೆ. ಕೆಲ್ಪ್ (ದೊಡ್ಡ ಕಡಲಪಾಚಿ) ನಡುವೆ ಅಂಗಾತ ತೇಲುವ ನೀರುನಾಯಿಗಳಿಗಾಗಿ ದುರ್ಬೀನು ಒಯ್ಯಿರಿ. ವಾರಾಂತ್ಯದಲ್ಲಿ ಪಾರ್ಕಿಂಗ್ ಬೇಗ ತುಂಬುತ್ತದೆ.

ಹಿರಿಯರಿದ್ದರೆ ನನ್ನ ಓಟು ಲೋಬೋಸ್‌ಗೇ. ಮಕ್ಕಳಷ್ಟೇ ಇದ್ದರೆ ಮಾಸ್ ಬೀಚ್. ಎರಡೂ ಕಡೆ ನಾಯಿಗೆ ಪ್ರವೇಶವಿಲ್ಲ.