‘ಹೇಝಲ್ ವುಡ್’ ಮೊದಲೋ, ‘ಗಿಲ್ಡೆಡ್’ ಮೊದಲೋ?

ಮೆಲಿಸ್ಸಾ ಆಲ್ಬರ್ಟ್ ಅವರ ‘ದಿ ಹೇಝಲ್ ವುಡ್’ (2018), ಮರಿಸ್ಸಾ ಮೇಯರ್ ಅವರ ‘ಗಿಲ್ಡೆಡ್’ (2021) ಎರಡನ್ನೂ ಒಂದರ ಬೆನ್ನಿಗೊಂದು ಓದಿದೆ. ಎರಡೂ ಹದಿಹರೆಯದವರಿಗೆಂದು ಬರೆದ ಕಾದಂಬರಿಗಳು. ಮಕ್ಕಳನ್ನು ಮಲಗಿಸಲು ಹೇಳುವುದಕ್ಕಿಂತ ಎಚ್ಚರವಾಗಿಡಲು ಹೇಳುವಂಥ ಕಥೆಗಳೇ ಎರಡಕ್ಕೂ ಬೇರು. ನಾನು ಹುಡುಕುತ್ತಿದ್ದುದು ಒಂದೇ: ಯಾವುದು ನಿಜವಾಗಿ ಹೆದರಿಸುತ್ತದೆ?

‘ಹೇಝಲ್ ವುಡ್’ನ ಆಲಿಸ್ ಸಿಡುಕಿನ ಹುಡುಗಿ. ಅವಳ ಅಜ್ಜಿ ಬರೆದ ಕಥಾಸಂಕಲನ ಎಲ್ಲಿಯೂ ಸಿಗುವುದಿಲ್ಲ. ಅಮ್ಮ ಕಾಣೆಯಾದ ಮೇಲೆ ಅವಳು ಅದರ ಜಾಡು ಹಿಡಿಯುತ್ತಾಳೆ. ಆ ಸಂಕಲನದ ಕಥೆಯೊಂದನ್ನು ಗೆಳೆಯ ಫಿಂಚ್ ಹೇಳುತ್ತಾನೆ: ಹುಟ್ಟಿದ ಕೂಸಿನ ಕಣ್ಣು ಪೂರ್ತಿ ಕಪ್ಪು, ಸೂಲಗಿತ್ತಿ ಮಗುವಿನ ಮೈ ತೊಳೆಯಲೂ ನಿಲ್ಲುವುದಿಲ್ಲ. ಯಾಕೆ ಹಾಗೆ ಎಂದು ಯಾರೂ ವಿವರಿಸುವುದಿಲ್ಲ. ಕೆಲವೇ ಪುಟಗಳು, ಆದರೆ ನಾನು ಪುಸ್ತಕ ಮಗುಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ತೊಂದರೆಯೆಂದರೆ ಇಂಥ ಕಥೆಗಳು ಬೆರಳೆಣಿಕೆಯಷ್ಟೇ. ಅರ್ಧಕ್ಕಿಂತ ಹೆಚ್ಚು ಪುಸ್ತಕ ನ್ಯೂಯಾರ್ಕಿನ ಓಡಾಟದಲ್ಲಿ ಕಳೆಯುತ್ತದೆ, ಅಜ್ಜಿಯ ಕಥೆಗಳ ಕಾಡು ಸಿಗುವಷ್ಟರಲ್ಲಿ ನನ್ನ ಕಾತರ ಆರಿತ್ತು.

‘ಗಿಲ್ಡೆಡ್’ನದು ಬೇರೆ ಜಾಯಮಾನ. ಚೊಚ್ಚಲ ಮಗುವಿನ ಆಸೆಗೆ ಹುಲ್ಲಿನಿಂದ ಚಿನ್ನ ನೂಲಿಕೊಡುವ ಕುಳ್ಳ ರಂಪೆಲ್‌ಸ್ಟಿಲ್ಟ್‌ಸ್ಕಿನ್ ಕಥೆ ಅದರ ಮೂಲ. ಜರ್ಮನಿಯ ಗ್ರಿಮ್ ಸೋದರರ ಕಥಾಸಂಗ್ರಹದಲ್ಲಿ, ಮಗಳು ಹುಲ್ಲಿನಿಂದ ಚಿನ್ನ ನೂಲುತ್ತಾಳೆಂದು ಜಂಬ ಕೊಚ್ಚುವವನು ಅಪ್ಪ, ತಲೆ ಕೊಡಬೇಕಾದವಳು ಮಗಳು. ಮೇಯರ್ ಆ ಸುಳ್ಳನ್ನು ಮಗಳ ಬಾಯಿಗೇ ಇಟ್ಟಿದ್ದಾರೆ. ಸುಳ್ಳಿನ ದೇವರ ಶಾಪ ಹೊತ್ತ ಸೆರಿಲ್ಡಾ, ಇಬ್ಬರನ್ನು ಉಳಿಸಲೆಂದು, ಅವರ ಬೇಟೆಗೆ ಹೊರಟ ದುಷ್ಟಶಕ್ತಿಗಳ ರಾಜ ಎರ್ಲ್‌ಕಿಂಗ್‌ನ ಎದುರೇ ಕಥೆ ಕಟ್ಟುತ್ತಾಳೆ, ಅವನು ನಂಬಿಬಿಡುತ್ತಾನೆ. ಈ ಒಂದು ಬದಲಾವಣೆಗೆ ನಾನು ಮಾರುಹೋದೆ. ಮೂಲದಲ್ಲಿ ಹೆಸರೂ ಇಲ್ಲದ ಹುಡುಗಿ ಇಲ್ಲಿ ತನ್ನ ಕಷ್ಟಕ್ಕೆ ತಾನೇ ಹೊಣೆ, ಚೊಚ್ಚಲ ಮಗುವನ್ನು ಕೊಡುವ ಮಾತೂ ಆದ್ದರಿಂದಲೇ ಹೆಚ್ಚು ಚುಚ್ಚುತ್ತದೆ. ಆದರೆ ಪುಸ್ತಕ ದಪ್ಪ, ನಡುವೆ ಪ್ರೇಮಪ್ರಸಂಗ ಎಳೆದಾಡುತ್ತದೆ. ಎರ್ಲ್‌ಕಿಂಗ್ ಎಷ್ಟು ಸಲ ಎದುರು ಬರುತ್ತಾನೋ ಅಷ್ಟಷ್ಟು ಸಾಮಾನ್ಯನಾಗುತ್ತಾನೆ.

(ಅಂದ ಹಾಗೆ, ಗ್ರಿಮ್ ಸೋದರರ 1812ರ ಮೊದಲ ಮುದ್ರಣದಲ್ಲಿ, ತನ್ನ ಹೆಸರು ಬಯಲಾದಾಗ ಆ ಕುಳ್ಳ ಸಿಟ್ಟಾಗಿ ಓಡಿಹೋಗುತ್ತಾನಷ್ಟೆ. ತನ್ನನ್ನೇ ಎರಡಾಗಿ ಸೀಳಿಕೊಳ್ಳುವುದು 1819ರಲ್ಲಿ ಸೇರಿದ್ದು. ತಿದ್ದಿದಾಗಲೆಲ್ಲ ಕಥೆ ಮೆತ್ತಗಾಗುತ್ತದೆ ಎಂದುಕೊಂಡಿದ್ದ ನನಗೆ ಇದು ಹೊಸದು.)

ಕಾದಂಬರಿಯಾಗಿ ನನ್ನ ಮತ ‘ಗಿಲ್ಡೆಡ್’ಗೆ. ಕಥೆ ಅದರಲ್ಲೇ ಮುಗಿಯುವುದಿಲ್ಲ, 2022ರ ‘ಕರ್ಸ್ಡ್’ ಓದಲೇಬೇಕು ಎಂಬುದು ಮೊದಲೇ ತಿಳಿದಿರಲಿ. ಆಲ್ಬರ್ಟ್ ಅವರ ಬಗ್ಗೆ ನನ್ನ ದೂರಿಗೆ ಅವರೇ ಉತ್ತರ ಕೊಟ್ಟಿದ್ದಾರೆ: ಆ ಅಜ್ಜಿಯ ಕಥೆಗಳನ್ನೇ ‘ಟೇಲ್ಸ್ ಫ್ರಮ್ ದಿ ಹಿಂಟರ್‌ಲ್ಯಾಂಡ್’ ಎಂದು 2021ರಲ್ಲಿ ಪುಸ್ತಕವಾಗಿ ತಂದರು. ಹೆದರಲೆಂದೇ ಓದುವವರು ನೇರ ಅಲ್ಲಿಗೇ ಹೋಗಬಹುದು. ನಾನು ಹಗಲಿನಲ್ಲಿ ಓದುತ್ತಿದ್ದೇನೆ.